ಹಳೇ ಡೀಸೆಲ್ ಎಂಜಿನ್, ಹತ್ತು ರೂಪಾಯಿ ಟಿಕೆಟ್: ತಾಳಗುಪ್ಪ ಪ್ಯಾಸೆಂಜರ್ ಕಥೆ

[ಎಂಜಿನ್ ಸದ್ದು, ಹಾರ್ನ್, ಜನರ ಗದ್ದಲ]

ಈಗ ಕೇಳಿದ್ರಲ್ಲ, ಅದು 47 ಸೆಕೆಂಡಿನ ರೆಕಾರ್ಡಿಂಗ್. 2018ರ ಬೇಸಿಗೆ ರಜೆಯಲ್ಲಿ ಶಿವಮೊಗ್ಗ ಟೌನ್ ಸ್ಟೇಷನ್‌ನಲ್ಲಿ ನನ್ನ ಫೋನ್‌ನಲ್ಲಿ ಮಾಡಿದ್ದು. ತಾಳಗುಪ್ಪ ಪ್ಯಾಸೆಂಜರ್ ಹೊರಡೋಕೆ ರೆಡಿಯಾಗಿ ನಿಂತಿತ್ತು. ನಾನು ಎಂಜಿನ್ ಹತ್ತಿರ ಓಡಿಹೋಗಿ ಫೋನ್ ಹಿಡಿದು ನಿಂತಿದ್ದೆ. ಈ ಸದ್ದನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಆದರೆ ಕೊನೆಯ ಐದು ಸೆಕೆಂಡಿನಲ್ಲಿ ಇನ್ನೊಂದು ದನಿ ಇದೆ. ಅದನ್ನ ನಾನು ಗಮನಿಸಿದ್ದು ಹೋದ ತಿಂಗಳು, ಈ ಎಪಿಸೋಡ್ ಎಡಿಟ್ ಮಾಡೋಕೆ ಕೂತಾಗ. ಅದೇನು ಅಂತ ಕೊನೆಗೆ ಹೇಳ್ತೀನಿ.

ಇವತ್ತಿನ ವಿಷಯ ಹಳೇ ಡೀಸೆಲ್ ಎಂಜಿನ್‌ಗಳು, ಅವು ಎಳೀತಿದ್ದ ಪ್ಯಾಸೆಂಜರ್ ಗಾಡಿಗಳು.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡ್ತೀನಿ. ನಮ್ಮೂರು ಗೋವಿನಕೋವಿ. ನಮ್ಮೂರಿಗೆ ರೈಲಿಲ್ಲ. ಹೊನ್ನಾಳಿಗಿಲ್ಲ, ನ್ಯಾಮತಿಗೂ ಇಲ್ಲ. ಈ ಕಡೆಯ ಮಕ್ಕಳು ರೈಲು ನೋಡಬೇಕು ಅಂದ್ರೆ ಒಂದೋ ಶಿವಮೊಗ್ಗಕ್ಕೆ ಹೋಗಬೇಕು, ಇಲ್ಲಾ ಹರಿಹರ, ದಾವಣಗೆರೆಗೆ. ನಮ್ಮ ಮನೆಯವರಿಗೆ ಶಿವಮೊಗ್ಗವೇ ಅಭ್ಯಾಸ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋವರೆಗೂ ಹೊನ್ನಾಳಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಕೋರ್ಟು, ಕಚೇರಿ, ಆಸ್ಪತ್ರೆ, ಹೆಣ್ಣು ಕೊಡೋದು, ತರೋದು, ಎಲ್ಲ ಆ ಕಡೆಗೇ. ನಮ್ಮಪ್ಪ ಹೆಣ್ಣು ತಂದಿದ್ದೂ ಹಂಗೇ. ಅಮ್ಮನ ತವರು ಅರಸಾಳಿನ ಹತ್ತಿರದ ಒಂದು ಹಳ್ಳಿ. ಅರಸಾಳು ಅಂದ್ರೆ ಶಿವಮೊಗ್ಗ–ತಾಳಗುಪ್ಪ ಲೈನಿನಲ್ಲಿ ಬರೋ ಕಾಡಿನ ನಡುವಿನ ಪುಟ್ಟ ಸ್ಟೇಷನ್. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ನೋಡಿದ್ರೆ ನೀವೂ ಆ ಸ್ಟೇಷನ್ ನೋಡಿದ್ದೀರಿ. ಅಲ್ಲಿ ಶೂಟಿಂಗ್ ಆಗಿತ್ತು.

ಹಾಗಾಗಿ ಪ್ರತಿ ಬೇಸಿಗೆ ರಜೆಗೂ ನಮ್ಮದು ಒಂದೇ ರೂಟು. ಗೋವಿನಕೋವಿಯಿಂದ ಬಸ್ಸಲ್ಲಿ ಶಿವಮೊಗ್ಗ. ಅಲ್ಲಿಂದ ರೈಲಲ್ಲಿ ಅರಸಾಳು. ಅಲ್ಲಿ ಅಜ್ಜಿ ಮನೆ.

ಈ ಲೈನಿನ ವಯಸ್ಸೆಷ್ಟು ಗೊತ್ತಾ? ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಮೈಸೂರು ಸಂಸ್ಥಾನದ ಕಾಲ. ಸುಮಾರು 61 ಕಿಲೋಮೀಟರ್, ಮೀಟರ್ ಗೇಜ್. ಅಂದ್ರೆ ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಶಿವಮೊಗ್ಗದಿಂದ ಮುಂದಕ್ಕೆ ಕಾಡು ಸೀಳಿಕೊಂಡು ಹಂತ ಹಂತವಾಗಿ ಹಳಿ ಹಾಕುತ್ತಾ ಹೋದ್ರು. ಕುಂಸಿ, ಅರಸಾಳು, ಆನಂದಪುರ, ಸಾಗರ. 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಅಲ್ಲಿಗೆ ಲೈನು ಮುಗೀತು. ಜೋಗಕ್ಕೆ ಹತ್ತಿರ ಆಗೋ ಕೊನೇ ಸ್ಟೇಷನ್ ಅದು.

ಆಗೆಲ್ಲ ಉಗಿ ಎಂಜಿನ್. ಗೋವಿನಕೋವಿಯ ನಮ್ಮ ಅಜ್ಜ, ಅಂದ್ರೆ ಅಪ್ಪನ ಅಪ್ಪ, ಹರೆಯದಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಿಬಂದ ಕಥೆ ಹೇಳ್ತಿದ್ರು. “ಬಿಳಿ ಅಂಗಿ ಹಾಕ್ಕಂಡು ಹತ್ತಿದ್ರೆ ಇಳಿಯೋ ಹೊತ್ತಿಗೆ ಕರಿ ಅಂಗಿ ಆಗಿರ್ತಿತ್ತು ನೋಡು ತಮ್ಮಾ. ಕಿಟಕಿ ಹತ್ರ ಕುಂತವ್ನಿಗೆ ಕಣ್ಣಾಗೆ ಕಿಡಿ. ಡೀಸಲ್ ಬಂದ್ಮ್ಯಾಲೆ ಕಣ್ಣು ಬಿಟ್ಕಂಡು ಊರು ನೋಡಂಗಾತು.” ಡೀಸೆಲ್ ಬಂದಿದ್ದು ಅಜ್ಜನ ಪಾಲಿಗೆ ಇಷ್ಟೇ ಕ್ರಾಂತಿ.

ಸರ್ಕಾರದ ಲೆಕ್ಕ ಬೇರೆ ಇತ್ತು. ಉಗಿ ಎಂಜಿನ್‌ಗೆ ಕಲ್ಲಿದ್ದಲು ಬೇಕು. ಗಣಿಗಳಿರೋದು ದೂರದ ಬಂಗಾಳ, ಬಿಹಾರದ ಕಡೆ. ಆ ಕಲ್ಲಿದ್ದಲನ್ನ ದಕ್ಷಿಣಕ್ಕೆ ತರೋಕೂ ರೈಲೇ ಬೇಕು. ಅಂದ್ರೆ ರೈಲು ಓಡಿಸೋಕೆ ಇನ್ನೊಂದು ರೈಲು. ಜೊತೆಗೆ ದಾರಿಯುದ್ದಕ್ಕೂ ನೀರು ತುಂಬಬೇಕು, ಬೂದಿ ತೆಗೀಬೇಕು, ಹೊರಡೋ ಎಷ್ಟೋ ಹೊತ್ತಿಗೆ ಮುಂಚೆ ಬೆಂಕಿ ಹಾಕಿ ಕಾಯಿಸಬೇಕು. ಡೀಸೆಲ್ ಎಂಜಿನ್ ಆದ್ರೆ ಟ್ಯಾಂಕ್ ತುಂಬಿ, ಸ್ಟಾರ್ಟ್ ಮಾಡಿ, ಹೊರಡಬಹುದು.

1960ರ ದಶಕದ ಆರಂಭದಲ್ಲಿ ಭಾರತ ಕೈಹಿಡಿದಿದ್ದು ಅಮೆರಿಕದ ಆಲ್ಕೋ ಕಂಪನಿಯನ್ನ. ಪೂರ್ತಿ ಹೆಸರು ಅಮೆರಿಕನ್ ಲೋಕೋಮೋಟಿವ್ ಕಂಪನಿ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಅನ್ನೋ ಊರಿನದು. ಎಂಜಿನ್ ಮಾರೋದರ ಜೊತೆಗೆ, ಅದನ್ನ ಇಲ್ಲೇ ಕಟ್ಟೋ ತಂತ್ರಜ್ಞಾನ ಕೊಡೋಕೂ ಅವರು ಒಪ್ಪಿದ್ರು. 1961ರಲ್ಲಿ ವಾರಾಣಸಿಯಲ್ಲಿ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಶುರುವಾಯ್ತು. 1964ರ ಜನವರಿಯಲ್ಲಿ ಅಲ್ಲಿಂದ ಮೊದಲ ಎಂಜಿನ್ ಹೊರಬಂತು. ಅದೇ ಡಬ್ಲ್ಯುಡಿಎಂ–2.

ಈ ಹೆಸರು ಕಷ್ಟ ಅನ್ಸಿದ್ರೆ ಹೀಗೆ ನೆನಪಿಟ್ಟುಕೊಳ್ಳಿ. ಮೊದಲ ಅಕ್ಷರ ಡಬ್ಲ್ಯು ಅಂದ್ರೆ ವೈಡ್, ಅಗಲದ ಹಳಿ, ಬ್ರಾಡ್ ಗೇಜ್. ವೈ ಅಂತಿದ್ರೆ ಮೀಟರ್ ಗೇಜ್. ಡಿ ಅಂದ್ರೆ ಡೀಸೆಲ್. ಎಂ ಅಂದ್ರೆ ಮಿಕ್ಸೆಡ್, ಗೂಡ್ಸೂ ಎಳೀತೀನಿ, ಜನರನ್ನೂ ಎಳೀತೀನಿ ಅಂತ. ಅಂದ್ರೆ ವೈಡಿಎಂ–4 ಅಂದ್ರೆ ಮೀಟರ್ ಗೇಜಿನ ಡೀಸೆಲ್ ಮಿಕ್ಸೆಡ್ ಎಂಜಿನ್. ದೇಶದ ಮೀಟರ್ ಗೇಜ್ ಹಳಿಗಳ ಮೇಲೆ ಉಗಿಯ ಜಾಗಕ್ಕೆ ಬಂದ ಮುಖ್ಯ ಎಂಜಿನ್ ಇದು. ಇದೂ ಆಲ್ಕೋ ವಂಶವೇ.

ಶಕ್ತಿ ಎಷ್ಟು? ಡಬ್ಲ್ಯುಡಿಎಂ–2ಕ್ಕೆ 2600 ಅಶ್ವಶಕ್ತಿ. ನೂರು ಸಿಸಿ ಬೈಕಿಗೆ ಸುಮಾರು 8 ಇರುತ್ತೆ ಅಂದುಕೊಳ್ಳಿ. ಮುನ್ನೂರಕ್ಕೂ ಹೆಚ್ಚು ಬೈಕುಗಳ ಬಲ ಒಂದೇ ಬಾನೆಟ್ ಕೆಳಗೆ. ತೂಕ ನೂರು ಟನ್‌ಗೂ ಜಾಸ್ತಿ. ಟ್ಯಾಂಕಿಗೆ 5000 ಲೀಟರ್ ಡೀಸೆಲ್.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಈ ಎಂಜಿನ್‌ನಲ್ಲಿ ಡೀಸೆಲ್ ನೇರವಾಗಿ ಚಕ್ರ ತಿರುಗಿಸಲ್ಲ. ಡೀಸೆಲ್ ಎಂಜಿನ್ ಒಂದು ಜನರೇಟರ್ ತಿರುಗಿಸುತ್ತೆ, ಅದರಿಂದ ಕರೆಂಟ್ ಬರುತ್ತೆ, ಆ ಕರೆಂಟು ಚಕ್ರಗಳ ಹತ್ತಿರ ಇರೋ ಮೋಟಾರುಗಳನ್ನ ತಿರುಗಿಸುತ್ತೆ. ಊರಿನ ಮದುವೆ ಮನೆ ಹಿಂದೆ ಜನರೇಟರ್ ಇಟ್ಟಿರ್ತಾರಲ್ಲ, ಅದಕ್ಕೆ ಚಕ್ರ ಕಟ್ಟಿ ಹಳಿ ಮೇಲೆ ಬಿಟ್ಟ ಹಾಗೆ. ಡ್ರೈವರ್ ಕೈಯಲ್ಲಿ ಎಂಟು ಹಂತದ ಒಂದು ಹಿಡಿ ಇರುತ್ತೆ. ಒಂದೊಂದು ಹಂತಕ್ಕೂ ನಾಚ್ ಅಂತಾರೆ. ನಾಚ್ ಏರಿಸಿದ ತಕ್ಷಣ ಡೀಸೆಲ್ ಜಾಸ್ತಿ ಹೋಗುತ್ತೆ. ಆದರೆ ಗಾಳಿ ತುಂಬಿಸೋ ಟರ್ಬೋ ವೇಗ ಹಿಡಿಯೋಕೆ ಕೆಲವು ಸೆಕೆಂಡು ಬೇಕು. ಅಷ್ಟರಲ್ಲಿ ಪೂರ್ತಿ ಉರಿಯದ ಡೀಸೆಲ್ ಕಪ್ಪು ಹೊಗೆಯಾಗಿ ಮೇಲೆ ಹೋಗುತ್ತೆ. ರೈಲು ಪ್ರೇಮಿಗಳು ಮುಗಿಬಿದ್ದು ಫೋಟೋ ತೆಗೀತಿದ್ದ ಆ ಹೊಗೆ ನಿಜ ಹೇಳಬೇಕೆಂದ್ರೆ ವ್ಯರ್ಥವಾದ ಇಂಧನ. ಶುರುವಿನಲ್ಲಿ ಕೇಳಿದ ರೆಕಾರ್ಡಿಂಗ್‌ನಲ್ಲಿ ಹದಿನೈದನೇ ಸೆಕೆಂಡಿಗೆ ಸದ್ದು ಬದಲಾಗುತ್ತಲ್ಲ, ಅದು ಅದೇ ಗಳಿಗೆ.

ತಮಾಷೆ ಏನಂದ್ರೆ, ಆಲ್ಕೋ ಕಂಪನಿ 1969ರಲ್ಲೇ ಅಮೆರಿಕದಲ್ಲಿ ಎಂಜಿನ್ ಮಾಡೋದು ನಿಲ್ಲಿಸಿತು. ವಾರಾಣಸಿಯಲ್ಲಿ ಅದರ ವಂಶ ಮುಂದುವರೀತು. ಡಬ್ಲ್ಯುಡಿಎಂ–2 ಒಂದೇ ಎರಡೂವರೆ ಸಾವಿರಕ್ಕೂ ಹೆಚ್ಚು ತಯಾರಾದವು. ನಂತರ ಅದನ್ನೇ 3100 ಅಶ್ವಶಕ್ತಿಗೆ ಏರಿಸಿ ಡಬ್ಲ್ಯುಡಿಎಂ–3ಎ ಮಾಡಿದ್ರು. ಅಪ್ಪ ಅಂಗಡಿ ಮುಚ್ಚಿದ ಮೇಲೂ ಮಗ ಅದೇ ಬೋರ್ಡ್ ಹಾಕ್ಕೊಂಡು ನಾಲ್ಕು ದಶಕ ವ್ಯಾಪಾರ ಮಾಡಿದ ಹಾಗೆ.

ಈಗ ಮತ್ತೆ ನಮ್ಮ ಲೈನಿಗೆ ಬರೋಣ.

1992ರಲ್ಲಿ ರೈಲ್ವೆ ಒಂದು ದೊಡ್ಡ ಯೋಜನೆ ಶುರುಮಾಡಿತು. ಹೆಸರು ಯೂನಿಗೇಜ್. ದೇಶದಲ್ಲಿರೋ ಮೀಟರ್ ಗೇಜನ್ನೆಲ್ಲ ಬ್ರಾಡ್ ಗೇಜ್ ಮಾಡೋದು. ಆಗ ರೈಲ್ವೆ ಮಂತ್ರಿ ಸಿ. ಕೆ. ಜಾಫರ್ ಷರೀಫ್. ಹುಟ್ಟಿದ್ದು ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ. ಕರ್ನಾಟಕದಲ್ಲಿ ಆ ದಶಕದಲ್ಲಿ ಸಾಲುಸಾಲಾಗಿ ಹಳಿಗಳು ಅಗಲವಾದವು. ಬೆಂಗಳೂರು–ಹುಬ್ಬಳ್ಳಿ ಆಯ್ತು, ಬೀರೂರು–ಶಿವಮೊಗ್ಗ ಆಯ್ತು. ಶಿವಮೊಗ್ಗ–ತಾಳಗುಪ್ಪ ಮಾತ್ರ ಉಳೀತು.

ಇದರ ಪರಿಣಾಮ ಏನು ಯೋಚನೆ ಮಾಡಿ. ಶಿವಮೊಗ್ಗದವರೆಗೆ ಅಗಲದ ಹಳಿ, ಅಲ್ಲಿಂದ ಮುಂದೆ ಕಿರಿದಾದ ಹಳಿ. ಬೆಂಗಳೂರಿನ ಗಾಡಿ ಸಾಗರಕ್ಕೆ ಹೋಗೋ ಹಾಗಿಲ್ಲ. ನೂರು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ ಇದ್ದ ಆ ಲೈನು ದ್ವೀಪದ ಥರ ಒಂಟಿಯಾಯ್ತು. ಕೊನೆಗಾಲದಲ್ಲಿ ಅಲ್ಲಿ ಓಡ್ತಿದ್ದಿದ್ದು ರೈಲ್ ಬಸ್. ಹೆಸರೇ ಹೇಳೋ ಹಾಗೆ ಬಸ್ಸಿನಂಥ ಮೈ, ರೈಲಿನ ಚಕ್ರ. ನಾನು ನನ್ನ ಜೀವನದಲ್ಲಿ ಹತ್ತಿದ ಮೊದಲ ‘ರೈಲು’ ಅದೇ. ಊರಿಗೆ ವಾಪಸ್ ಬಂದು ನಾನು ರೈಲು ಹತ್ತಿದ್ದೆ ಅಂತ ಹೇಳಿದ್ರೆ, ದಾವಣಗೆರೆಯಲ್ಲಿ ನಿಜವಾದ ರೈಲು ನೋಡಿದ್ದ ಹುಡುಗರು ನಕ್ಕಿದ್ರು. ಅದು ಬಸ್ಸಲೇ ಅಂತ.

ಆಮೇಲೆ ಆ ಲೈನನ್ನೂ ಕಿತ್ತು ಹೊಸದಾಗಿ ಹಾಕಿದ್ರು. ಆ ವರ್ಷಗಳಲ್ಲಿ ಅಜ್ಜಿ ಮನೆಗೆ ಬಸ್ಸೇ ಗತಿ. 2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್ ಗೇಜ್ ಆಯ್ತು. ನಾನಾಗ ಹೈಸ್ಕೂಲು. ಅರಸಾಳು ಸ್ಟೇಷನ್‌ಗೆ ದೊಡ್ಡ ರೈಲು ಬಂದಿದ್ದನ್ನ ನಾನು ಮೊದಲ ಸಲ ನೋಡಿದಾಗ ಎಂಜಿನ್ ಪಕ್ಕದಲ್ಲಿ ಕೆಜೆಎಂ ಅಂತ ಬರೆದಿತ್ತು. ಬೆಂಗಳೂರಿನ ಕೃಷ್ಣರಾಜಪುರಂ ಡೀಸೆಲ್ ಶೆಡ್ಡಿನ ಎಂಜಿನ್ ಅಂತ ಅರ್ಥ. ಆಲ್ಕೋ. ಬಣ್ಣ ಮಾಸಿತ್ತು, ಮೈತುಂಬ ಎಣ್ಣೆ ಜಿಡ್ಡು. ನನಗಿಂತ ವಯಸ್ಸಾದದ್ದು. ಆದರೆ ನನಗೆ ಅದು ಹೊಚ್ಚ ಹೊಸದು.

ಇಲ್ಲೇ ನಾನು ಓದಿದ ಬಿ.ಕಾಂ. ಕೆಲಸಕ್ಕೆ ಬರೋದು.

ರೈಲ್ವೆ ಲೆಕ್ಕದಲ್ಲಿ ಒಂದು ಡೀಸೆಲ್ ಎಂಜಿನ್‌ನ ಆಯುಷ್ಯ 36 ವರ್ಷ. ಅಷ್ಟು ವರ್ಷ ಅದು ಒಂದೇ ಕೆಲಸ ಮಾಡಲ್ಲ. ಹೊಸದಿದ್ದಾಗ ಹೆಸರಿರೋ ಎಕ್ಸ್‌ಪ್ರೆಸ್ ಗಾಡಿಗಳು. ಅದಕ್ಕಿಂತ ಒಳ್ಳೇ ಎಂಜಿನ್ ಬಂದಾಗ ಇದು ಒಂದು ಮೆಟ್ಟಿಲು ಇಳಿಯುತ್ತೆ. 1995ರಲ್ಲಿ ಭಾರತ ಅಮೆರಿಕದ ಜನರಲ್ ಮೋಟಾರ್ಸ್ ಜೊತೆ ಒಪ್ಪಂದ ಮಾಡಿಕೊಂಡು 4000 ಅಶ್ವಶಕ್ತಿಯ ಹೊಸ ತಲೆಮಾರಿನ ಎಂಜಿನ್ ತಂತು. ನಮ್ಮ ಹುಬ್ಬಳ್ಳಿ ಶೆಡ್ ಅವುಗಳಿಗೇ ಹೆಸರುವಾಸಿ. ಅವು ಬಂದ ಮೇಲೆ ಆಲ್ಕೋಗಳು ಮುಖ್ಯ ಗಾಡಿಗಳಿಂದ ಇಳೀತಾ ಇಳೀತಾ ಪ್ಯಾಸೆಂಜರ್‌ಗೆ ಬಂದವು. ನಮ್ಮನೆಗಳಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬರುತ್ತಲ್ಲ, ಹಾಗೆ. ಗುಂಡಿ ಗಟ್ಟಿ ಇರುತ್ತೆ, ಬಟ್ಟೆ ಗಟ್ಟಿ ಇರುತ್ತೆ, ಬಣ್ಣ ಮಾತ್ರ ಹೋಗಿರುತ್ತೆ.

ಪ್ಯಾಸೆಂಜರ್ ಗಾಡಿ ರೈಲ್ವೆಯ ಕಿರಿ ತಮ್ಮ. ಸಿಂಗಲ್ ಲೈನಿನಲ್ಲಿ ಎದುರಿಂದ ಎಕ್ಸ್‌ಪ್ರೆಸ್ ಬಂದ್ರೆ ಪಕ್ಕದ ಲೈನಿಗೆ ಸರಿದು ನಿಲ್ಲೋದು ಇದೇ. ತಾಳಗುಪ್ಪ ತಲುಪಿದ ಮೇಲೆ ಎಂಜಿನ್ ಬಿಚ್ಚಿ, ಪಕ್ಕದ ಹಳಿ ಮೇಲೆ ಸುತ್ತಿಕೊಂಡು ಬಂದು, ಗಾಡಿಯ ಇನ್ನೊಂದು ತುದಿಗೆ ಜೋಡಿಸ್ತಿದ್ರು. ಈ ಆಲ್ಕೋಗಳಿಗೆ ಡ್ರೈವರ್ ಕ್ಯಾಬಿನ್ ಒಂದೇ ತುದಿಯಲ್ಲಿ. ಹಾಗಾಗಿ ಎಷ್ಟೋ ಸಲ ವಾಪಸ್ ಬರುವಾಗ ಡ್ರೈವರ್ ಉದ್ದನೆಯ ಮೂತಿಯ ಹಿಂದೆ ಕೂತು, ಬದಿಯಿಂದ ಇಣುಕಿ ಹಳಿ ನೋಡಬೇಕು. ಮಳೆಗಾಲದ ಮಲೆನಾಡಿನಲ್ಲಿ, ಮಂಜು ಬೇರೆ. ನಾವು ಹೊಗೆಯ ವಿಡಿಯೋ ಮಾಡ್ತಿದ್ವಿ. ಅವರು ಕುತ್ತಿಗೆ ಹೊರಗೆ ಚಾಚಿ ಗಾಡಿ ಓಡಿಸ್ತಿದ್ರು.

2016ರಿಂದ ರೈಲ್ವೆ ಟಿಕೆಟ್‌ಗಳ ಮೇಲೆ ಒಂದು ಸಾಲು ಬರೋಕೆ ಶುರುವಾಯ್ತು. ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇಕಡ 57 ಮಾತ್ರ ಟಿಕೆಟ್‌ನಿಂದ ವಾಪಸ್ ಬರುತ್ತೆ ಅಂತ. ಮೊದಲ ಸಲ ಓದಿದಾಗ ನಾನು ಅಜ್ಜಿಗೆ ದೊಡ್ಡ ಲೆಕ್ಚರ್ ಕೊಟ್ಟೆ. ನಷ್ಟ, ಸಬ್ಸಿಡಿ, ಗೂಡ್ಸ್ ಗಾಡಿ ದುಡಿದು ಪ್ಯಾಸೆಂಜರ್ ಗಾಡಿ ಸಾಕೋದು, ಎಲ್ಲ ಹೇಳಿದೆ. ಅಜ್ಜಿ ಕೇಳಿಸಿಕೊಂಡು, “ಹಂಗಾರೆ ರೋಡಿಂದ ಎಷ್ಟು ವಾಪಸ್ ಬರ್ತದಂತೆ ಪುಟ್ಟಾ?” ಅಂದ್ರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಆ ಪ್ರಶ್ನೆ ನನಗೆ ಬಿ.ಕಾಂ.ನ ಯಾವ ಪೇಪರಿಗಿಂತಲೂ ಕಷ್ಟ ಅನ್ಸುತ್ತೆ.

ಅಜ್ಜಿಗೆ ಆ ಪ್ಯಾಸೆಂಜರ್ ಯಾಕೆ ಬೇಕಿತ್ತು? ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಶುಗರ್ ತಪಾಸಣೆ. ಬಾಳೆಕಾಯಿ, ಕೆಸುವಿನ ಸೊಪ್ಪು, ಮಿಡಿಮಾವು, ಆಯಾ ಕಾಲಕ್ಕೆ ಏನಿರುತ್ತೋ ಒಂದು ಚೀಲ, ಮಗಳ ಮನೆಗೆ. ಬೋಗಿಯಲ್ಲಿ ಅವರ ಜೊತೆ ಕಾಲೇಜು ಹುಡುಗಿಯರು, ಗಾರೆ ಕೆಲಸದವರು, ಕೋರ್ಟಿಗೆ ಹೋಗೋರು. ಕನಿಷ್ಠ ಟಿಕೆಟ್ ಹತ್ತು ರೂಪಾಯಿ. ಕಾಲು ಚಾಚಿ ಕೂರಬಹುದು, ಶೌಚಾಲಯ ಇದೆ, ವಾಂತಿ ಬರಲ್ಲ. ಘಟ್ಟದ ಸೆರಗಿನ ರಸ್ತೆಗಳಲ್ಲಿ ಬಸ್ಸು ಹತ್ತಿದ ಎಪ್ಪತ್ತು ದಾಟಿದ ಹೆಂಗಸರನ್ನ ಕೇಳಿ, ಇವು ಎಷ್ಟು ದೊಡ್ಡ ವಿಷಯ ಅಂತ ಹೇಳ್ತಾರೆ.

2020ರ ಮಾರ್ಚ್ 22, ಜನತಾ ಕರ್ಫ್ಯೂ ದಿನ. ಆವತ್ತಿನಿಂದ ದೇಶದಲ್ಲಿ ಪ್ರಯಾಣಿಕರ ರೈಲುಗಳೆಲ್ಲ ನಿಂತವು. ಮುಂದೆ ಹಂತ ಹಂತವಾಗಿ ಗಾಡಿಗಳು ವಾಪಸ್ ಬಂದಾಗ ಮೊದಲು ಬಂದಿದ್ದು ದೂರದ ಗಾಡಿಗಳು. ದೇಶದ ಎಷ್ಟೋ ಪ್ಯಾಸೆಂಜರ್ ಗಾಡಿಗಳು ‘ಸ್ಪೆಷಲ್’ ಅನ್ನೋ ಹೆಸರಿನಲ್ಲಿ, ಎಕ್ಸ್‌ಪ್ರೆಸ್ ದರದಲ್ಲಿ ಬಂದವು. ಹತ್ತು ರೂಪಾಯಿಯ ಕನಿಷ್ಠ ಟಿಕೆಟ್ ಮೂವತ್ತಾಯ್ತು. ಮತ್ತೆ ಹತ್ತಕ್ಕೆ ಇಳಿದಿದ್ದು 2024ರ ಫೆಬ್ರವರಿಯಲ್ಲಿ. ಇಪ್ಪತ್ತು ರೂಪಾಯಿ ವ್ಯತ್ಯಾಸ ನಿಮಗೆ ನನಗೆ ಒಂದು ಕಾಫಿ. ದಿನಾ ಹೋಗಿ ಬರೋ ಗಾರೆ ಕೆಲಸದವರಿಗೆ ತಿಂಗಳಿಗೆ ಸಾವಿರದ ಲೆಕ್ಕ.

ಅದೇ ಹೊತ್ತಿಗೆ ಇನ್ನೊಂದು ಕಡೆ ಆಲ್ಕೋಗಳ ಕಾಲವೂ ಮುಗೀತಾ ಬಂದಿತ್ತು. 2018ರಲ್ಲಿ ಕೇಂದ್ರ ಸಂಪುಟ ಬ್ರಾಡ್ ಗೇಜ್ ಲೈನುಗಳನ್ನೆಲ್ಲ ವಿದ್ಯುದೀಕರಣ ಮಾಡೋಕೆ ಒಪ್ಪಿಗೆ ಕೊಟ್ಟಿತು. 2019ರ ಫೆಬ್ರವರಿಯಲ್ಲಿ ವಾರಾಣಸಿ ಕಾರ್ಖಾನೆ, ಹಳೇ ಡೀಸೆಲ್ ಎಂಜಿನ್‌ಗಳನ್ನೇ ಎಲೆಕ್ಟ್ರಿಕ್ ಆಗಿ ಬದಲಿಸಿ ಹೊರತಂತು. 2020ರಲ್ಲಿ ಆ ಕಾರ್ಖಾನೆಯ ಹೆಸರಿನಿಂದ ‘ಡೀಸೆಲ್’ ಅನ್ನೋ ಪದವೇ ಹೋಗಿ ಅದು ಬನಾರಸ್ ಲೋಕೋಮೋಟಿವ್ ವರ್ಕ್ಸ್ ಆಯ್ತು. ಅದೇ ವರ್ಷ ಜುಲೈನಲ್ಲಿ ಹತ್ತು ಡೀಸೆಲ್ ಎಂಜಿನ್‌ಗಳನ್ನ ಬಾಂಗ್ಲಾದೇಶಕ್ಕೆ ಕೊಟ್ರು. ಅವೂ ಆಲ್ಕೋ ವಂಶದವೇ. ಅಣ್ಣನ ಅಂಗಿ ಗಡಿ ದಾಟಿತು.

ನಮ್ಮ ಅರಸಾಳು ಸ್ಟೇಷನ್‌ನ ಹಳೇ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯ್ತು. ಚೆನ್ನಾಗಿ ಮಾಡಿದ್ದಾರೆ, ಹೋಗಿ ನೋಡಿ. ಹಳೇ ಬೋಗಿಯಲ್ಲಿ ಕೂತು ಚಹಾ ಕುಡೀಬಹುದು. ಈಗ ಲೈನಿನ ಮೇಲೆ ಕರೆಂಟ್ ತಂತಿಯೂ ಬಂದಿದೆ.

ಈ ಎಪಿಸೋಡ್‌ಗೆ ನಾನು ಮೊದಲು ಇಟ್ಟಿದ್ದ ಹೆಸರು ‘ಆಲ್ಕೋಗೆ ಕೊನೆಯ ಸಲಾಂ’. ಸ್ಕ್ರಿಪ್ಟ್ ತುಂಬ ಎಂಜಿನ್‌ನ ಸದ್ದು, ಹೊಗೆ, ವಾಸನೆ. ಹಳೇ ಎಂಜಿನ್ ಹೋಯ್ತು ಅನ್ನೋ ಬೇಜಾರು. ಅದನ್ನ ಓದಿ ಹೇಳೋಕೆ ಹೋದ ತಿಂಗಳು ಅಜ್ಜಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡ್ರು. ಆಮೇಲೆ, “ಹೊಗೆ ಹೋಯ್ತಲ, ಒಳ್ಳೇದೇ ಆಯ್ತು ಮಾರಾಯ. ಎಂಜಿನ್ ಯಾವುದಾದ್ರೆ ಎಂತದು? ಗಾಡಿ ನಮ್ಮಲ್ಲಿ ನಿಲ್ತದಾ, ಟಿಕೆಟ್ ಎಷ್ಟು, ಅದು ಹೇಳು” ಅಂದ್ರು.

ಫೋನ್ ಇಟ್ಟ ಮೇಲೆ ಹಾರ್ಡ್‌ಡಿಸ್ಕ್ ತೆಗೆದು ನೋಡಿದೆ. ಏಳೆಂಟು ವರ್ಷದಲ್ಲಿ ಎಂಜಿನ್‌ಗಳ ಇನ್ನೂರಕ್ಕೂ ಹೆಚ್ಚು ವಿಡಿಯೋ ಮಾಡಿದ್ದೀನಿ. ನಂಬರ್, ಶೆಡ್, ದಿನಾಂಕ, ಎಲ್ಲ ಫೋಲ್ಡರ್ ಮಾಡಿಟ್ಟಿದ್ದೀನಿ. ಬೋಗಿ ಒಳಗಿನ ಜನರದ್ದು ಒಂದೂ ಇಲ್ಲ. ಯಾರು ಎಲ್ಲಿಗೆ, ಯಾಕೆ ಹೋಗ್ತಿದ್ರು, ಏನು ಹೊತ್ತುಕೊಂಡು ಹೋಗ್ತಿದ್ರು, ಅದರ ಒಂದು ನಿಮಿಷದ ದಾಖಲೆಯೂ ನನ್ನ ಹತ್ತಿರ ಇಲ್ಲ. ಎಂಜಿನ್‌ಗಳ ಚರಿತ್ರೆ ನನ್ನಂಥವರ ಫೋಲ್ಡರ್‌ಗಳಲ್ಲಿ, ರೈಲ್ವೆಯ ಕಡತಗಳಲ್ಲಿ ಉಳಿಯುತ್ತೆ. ಆ ಗಾಡಿ ಯಾರಿಗೆ ಬೇಕಿತ್ತು ಅನ್ನೋದು ಅವರು ಹೇಳದಿದ್ರೆ ಉಳಿಯಲ್ಲ. ನಾಳೆ ಯಾವುದಾದ್ರೂ ಸಣ್ಣ ಸ್ಟೇಷನ್‌ನಲ್ಲಿ ಗಾಡಿ ನಿಲ್ಲಿಸೋದು ಬೇಡ ಅಂತ ಯಾರಾದ್ರೂ ತೀರ್ಮಾನ ಮಾಡುವಾಗ, ಅವರ ಎದುರು ಶೇಕಡ 57 ಅನ್ನೋ ಅಂಕಿ ಇರುತ್ತೆ. ಕೆಸುವಿನ ಸೊಪ್ಪಿನ ಚೀಲ ಇರಲ್ಲ.

ರೈಲಿಲ್ಲದ ಊರಿನವನಾಗಿ ಇದನ್ನ ಹೇಳ್ತಿದ್ದೀನಿ. ನಮ್ಮ ಕಡೆ ಇವತ್ತಿಗೂ ಗಂಟೆಗಟ್ಟಲೆ ಬಸ್ಸಿಗೆ ಕಾಯೋ ಜನ ಇದ್ದಾರೆ. ಹತ್ತು ರೂಪಾಯಿಗೆ ಶಿವಮೊಗ್ಗ ಅನ್ನೋದು ಅವರಿಗೆ ಕೇಳೋಕೇ ಹೊಸ ವಿಷಯ. ಇದ್ದವರಿಗೆ ಅದರ ಬೆಲೆ ಗೊತ್ತಾಗಿದ್ದು ನಿಂತಾಗ.

ಸರಿ, ಆ ಕೊನೆಯ ಐದು ಸೆಕೆಂಡು. ಎಂಜಿನ್ ಸದ್ದು ಜೋರಾಗುತ್ತೆ, ಹಾರ್ನ್ ಆಗುತ್ತೆ. ಹೆಡ್‌ಫೋನ್ ಹಾಕ್ಕೊಂಡು ಕೇಳಿದ್ರೆ ಹಿಂದಿನ ಬೋಗಿಯಿಂದ ಯಾರೋ ಕೂಗೋದು ಕೇಳುತ್ತೆ. ಇಷ್ಟು ವರ್ಷ ಅದನ್ನ ಗದ್ದಲ ಅಂದುಕೊಂಡಿದ್ದೆ. ಒಂದು ಸಲ ಕಟ್ ಮಾಡೋಕೂ ನೋಡಿದ್ದೆ.

[ರೆಕಾರ್ಡಿಂಗ್: “ಪುಟ್ಟಾ, ಅದ್ನೆಂತ ನೋಡ್ತೀಯಾ, ಬಾ ಹತ್ತು, ಬಿಡ್ತಾನೆ ಗಾಡಿ!”]

ಅಜ್ಜಿ.

ಮುಂದಿನ ಭಾನುವಾರ ನಾನು ಅರಸಾಳಿಗೆ ಹೋಗ್ತಿದ್ದೀನಿ. ಈ ಸಲ ಫೋನ್ ಹಿಡಿದು ಎಂಜಿನ್ ಹತ್ತಿರ ಹೋಗಲ್ಲ, ಬೋಗಿ ಒಳಗೆ ಕೂರ್ತೀನಿ. ನಿಮ್ಮ ಮನೆಯಲ್ಲೂ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡಿದವರು ಇದ್ದೇ ಇರ್ತಾರೆ. ಯಾವ ಗಾಡಿ, ಎಲ್ಲಿಂದ ಎಲ್ಲಿಗೆ, ಯಾಕೆ, ಟಿಕೆಟ್ ಎಷ್ಟಿತ್ತು, ನಾಲ್ಕೇ ಪ್ರಶ್ನೆ ಕೇಳಿ, ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಹಿಂದೆ ಗದ್ದಲ ಇದ್ರೂ ಪರವಾಗಿಲ್ಲ, ಕಟ್ ಮಾಡಬೇಡಿ.